ಕಂತಿನ ಚಿಂತೆ, ಒಸಡಿನ ರಕ್ತ

ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಂಡರೆ ನಮ್ಮ ಕಡೆ ಸಿಗುವ ಮೊದಲ ಉತ್ತರ, ‘ಉಷ್ಣ ಆಗೈತಿ ಬಿಡ್ರಿ, ಮಜ್ಜಿಗಿ ಕುಡೀರಿ.’ ಗದಗ-ಬೆಟಗೇರಿಯ ಏಪ್ರಿಲ್ ಬಿಸಿಲಿನಲ್ಲಿ ಇದು ನಂಬುವ ಮಾತೇ ಅನ್ನಿಸುತ್ತದೆ. ಮಜ್ಜಿಗೆ ಕುಡಿದರೆ ನಷ್ಟವೂ ಇಲ್ಲ. ಆದರೆ ಒಸಡಿನ ರಕ್ತಕ್ಕೆ ಕಾರಣ ಉಷ್ಣವಲ್ಲ. ಹಲ್ಲು ಮತ್ತು ಒಸಡು ಸೇರುವ ಅಂಚಿನಲ್ಲಿ ದಿನವೂ ಕೂಡುವ ಬ್ಯಾಕ್ಟೀರಿಯಾಗಳ ಜಿಗುಟು ಪದರವಿದೆಯಲ್ಲ, ಆ ಪಾಚಿಯೇ ಕಾರಣ. ತೆಗೆಯದೆ ಬಿಟ್ಟರೆ ಅದಕ್ಕೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ, ಕೆಲವೇ ದಿನಗಳಲ್ಲಿ ಬ್ರಷ್ಷಿಗೆ ಬಗ್ಗದ ಗಟ್ಟಿ ಕಿಟ್ಟವಾಗುತ್ತದೆ. ಮೊದಲು ಒಸಡು ಕೆಂಪಾಗಿ ಬಾಯುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟವರಲ್ಲಿ ಹಲವರಿಗೆ ಹಲ್ಲನ್ನು ಹಿಡಿದಿಟ್ಟ ಮೂಳೆಯೇ ಸವೆಯುತ್ತದೆ. ಹಳೆಯ ಮಂದಿ ಪಯೋರಿಯಾ ಎಂದು ಕರೆಯುತ್ತಿದ್ದುದು ಈ ಎರಡನೇ ಹಂತವನ್ನು.

ಇಷ್ಟು ಗೊತ್ತಿದ್ದವರಿಗೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ಮನೆಯಲ್ಲಿ ಒಂದೇ ರೊಟ್ಟಿ ತಿಂದು, ಒಂದೇ ಪೇಸ್ಟಿನಲ್ಲಿ ಹಲ್ಲುಜ್ಜಿದ ಅಣ್ಣತಮ್ಮಂದಿರಲ್ಲಿ ಒಬ್ಬನ ಹಲ್ಲು ನಲವತ್ತೈದಕ್ಕೇ ಅಲುಗಾಡುತ್ತವೆ, ಇನ್ನೊಬ್ಬ ಎಪ್ಪತ್ತರಲ್ಲೂ ಶೇಂಗಾ ಕಡಿಯುತ್ತಾನೆ. ಏಕೆ? ತಂಬಾಕು ಒಂದು ಕಾರಣ, ಸಕ್ಕರೆ ಕಾಯಿಲೆ ಇನ್ನೊಂದು, ವಂಶದಿಂದ ಬಂದ ಗುಣ ಮತ್ತೊಂದು. ಹಲ್ಲಿನ ಡಾಕ್ಟರು ಈ ಮೂರನ್ನೂ ಕೇಳುತ್ತಾರೆ. ನಾಲ್ಕನೆಯದನ್ನು ಅವರೂ ಕೇಳುವುದು ಅಪರೂಪ, ನಾವೂ ಹೇಳುವುದಿಲ್ಲ. ಅದು ಚಿಂತೆ.

ಚಿಂತೆಯೊಂದರಿಂದಲೇ ಒಸಡು ರೋಗ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಪಾಚಿ ಇಲ್ಲದ ಬಾಯಿಯಲ್ಲಿ ಎಷ್ಟು ಚಿಂತೆ ಮಾಡಿದರೂ ಮೂಳೆ ಸವೆಯದು. ಷಿಕಾಗೋದಲ್ಲಿ 2017ರಲ್ಲಿ ಅಮೆರಿಕ ಮತ್ತು ಯುರೋಪಿನ ಒಸಡು ತಜ್ಞರು ಒಟ್ಟಾಗಿ ರೂಪಿಸಿದ ರೋಗ ವರ್ಗೀಕರಣದಲ್ಲಿ, ರೋಗದ ವೇಗ ಅಳೆಯಲು ಎಣಿಕೆಗೆ ತೆಗೆದುಕೊಂಡದ್ದು ಧೂಮಪಾನ ಮತ್ತು ಸಕ್ಕರೆ ಕಾಯಿಲೆಯನ್ನು, ಮಾನಸಿಕ ಒತ್ತಡವನ್ನಲ್ಲ. ಹಾಗಂತ ಒತ್ತಡಕ್ಕೆ ಪಾತ್ರವೇ ಇಲ್ಲವೆಂದಲ್ಲ. ಅದು ಮೈಯ ತಡೆಯುವ ಶಕ್ತಿಯನ್ನೂ ದಿನದ ರೂಢಿಯನ್ನೂ ಏಕಕಾಲಕ್ಕೆ ಕೆಡಿಸುತ್ತದೆ.

ಕಾರ್ಟಿಸಾಲ್ ಎಂಬ ರಸ

ಬೆದರಿಕೆ ಎದುರಾದಾಗ ಮಿದುಳಿನ ಹೈಪೋಥಲಾಮಸ್ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಅಲ್ಲಿಂದ ಹೊರಟ ಸಂದೇಶ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳನ್ನು ತಲುಪುತ್ತದೆ. ಅಲ್ಲಿ ಎರಡು ಬಗೆಯ ರಸಗಳಿವೆ. ನರಗಳ ಕರೆಗೆ ಕ್ಷಣದಲ್ಲೇ ಓಡಿಬರುವುದು ಅಡ್ರಿನಲಿನ್: ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ. ಕೆಲವು ನಿಮಿಷಗಳ ನಂತರ ಬರುವುದು ಕಾರ್ಟಿಸಾಲ್: ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಉರಿಯೂತವನ್ನು ಅದುಮುತ್ತದೆ.

ಕಾರ್ಟಿಸಾಲ್ ನಮ್ಮ ವೈರಿಯಲ್ಲ. ಬೆಳಗ್ಗೆ ಎದ್ದ ಅರ್ಧ-ಮುಕ್ಕಾಲು ತಾಸಿಗೆ ಅದು ಏರುತ್ತದೆ, ಆಮೇಲೆ ದಿನವಿಡೀ ಇಳಿಯುತ್ತ ಹೋಗಿ ನಡುರಾತ್ರಿ ತೀರಾ ಕಡಿಮೆಯಾಗುತ್ತದೆ. ಈ ಗುಂಪಿನ ರಸಗಳ ಉರಿಯೂತ ಇಳಿಸುವ ಗುಣ ಎಷ್ಟು ಜೋರೆಂದರೆ, 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಚುಚ್ಚಿದಾಗ, ಮಂಚದಿಂದ ಏಳಲು ಕಷ್ಟಪಡುತ್ತಿದ್ದವರು ಕೆಲವೇ ದಿನಗಳಲ್ಲಿ ನಡೆದಾಡಿದರು. ಎರಡು ವರ್ಷದಲ್ಲಿ, 1950ರಲ್ಲಿ, ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಇಂದು ನಾವು ಸ್ಟಿರಾಯ್ಡ್ ಎಂದು ಕರೆಯುವ ಗುಳಿಗೆ-ಇಂಜೆಕ್ಷನ್‌ಗಳೆಲ್ಲ ಅದೇ ಕುಲದವು.

ತೊಂದರೆ ಇರುವುದು ಕಾರ್ಟಿಸಾಲ್ ತಿಂಗಳುಗಟ್ಟಲೆ ಇಳಿಯದೆ ಉಳಿದಾಗ. ದಿನವೂ ಬೈಯುವ ಮಾಸ್ತರರ ಮಾತಿಗೆ ಹುಡುಗರು ಕಿವಿಗೊಡುವುದನ್ನೇ ಬಿಟ್ಟ ಹಾಗೆ, ರೋಗ ತಡೆಯುವ ಕಣಗಳು ಕಾರ್ಟಿಸಾಲ್‌ನ ಆಜ್ಞೆಗೆ ಸ್ಪಂದಿಸುವುದನ್ನು ನಿಲ್ಲಿಸುತ್ತವೆ. ಆಗ ಉರಿಯೂತ ಆರುವುದಿಲ್ಲ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಕೆಲಸವೂ ನೆಟ್ಟಗೆ ಆಗುವುದಿಲ್ಲ. ಇದರ ಜೊತೆ ರಕ್ತದ ಸಕ್ಕರೆ ಏರುತ್ತದೆ. ಮೂಳೆ ಕಟ್ಟುವ ಕಣಗಳು ಮಂಕಾಗಿ, ಮೂಳೆ ಕರಗಿಸುವ ಕಣಗಳ ಕೈ ಮೇಲಾಗುತ್ತದೆ. ಜೊಲ್ಲು ಕಡಿಮೆಯಾಗಿ ಮಂದವಾಗುತ್ತದೆ. ಬಾಯಿ ತೊಳೆಯುವ ದೇಹದ ಸ್ವಂತ ನೀರು ಅದೇ ಅಲ್ಲವೇ?

ಇದನ್ನು ಬಾಯಿಯೊಳಗೇ ತೋರಿಸಿದ ಪ್ರಯೋಗವೊಂದು 1998ರಲ್ಲಿ ಪ್ರಕಟವಾಯಿತು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫಿಲಿಪ್ ಮರೂಚಾ, ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ದಂತವೈದ್ಯಕೀಯ ಓದುವ 11 ವಿದ್ಯಾರ್ಥಿಗಳ ಅಂಗುಳಿನಲ್ಲಿ 3.5 ಮಿಲಿಮೀಟರಿನ ಸಣ್ಣ ಗಾಯ ಮಾಡಿದರು. ಒಮ್ಮೆ ಬೇಸಿಗೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆಗೆ ಮೂರು ದಿನ ಮುಂಚೆ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇ 40ರಷ್ಟು ಹೆಚ್ಚು ಕಾಲ ಹಿಡಿಯಿತು. ರಜೆಯಷ್ಟು ಬೇಗ ಪರೀಕ್ಷೆಯಲ್ಲಿ ಮಾಯ್ದವರು ಒಬ್ಬರೂ ಇರಲಿಲ್ಲ. ಅವರೆಲ್ಲ ಎಳೆಯ ವಯಸ್ಸಿನವರು, ಆರೋಗ್ಯವಂತರು, ಹಲ್ಲಿನ ಬಗ್ಗೆ ಎಲ್ಲ ತಿಳಿದವರು. ಅವರ ಒತ್ತಡವಾದರೂ ಮುಗಿಯುವ ತಾರೀಖು ಗೊತ್ತಿದ್ದ ಒತ್ತಡ.

ಸಾಲದ ಕಥೆ ಬಾಯಲ್ಲಿ

ನಮ್ಮ ಒತ್ತಡಗಳಿಗೆ ಅಂಥ ತಾರೀಖು ಇರುವುದಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಹೆಸರು ಬಿಡಿಸುವ ಹೊತ್ತಿಗೆ ಹಿಡಿದುಕೊಳ್ಳುವ ಮಳೆ, ಉಳ್ಳಾಗಡ್ಡಿ ಮಾರುಕಟ್ಟೆಗೆ ತಂದ ದಿನವೇ ಬೀಳುವ ದರ, ಬೆಟಗೇರಿಯಲ್ಲಿ ನೇಯ್ದು ಮಡಚಿಟ್ಟ ಸೀರೆ ಹೋಗದೆ ಉಳಿಯುವುದು, ನಳದ ನೀರು ಯಾವತ್ತು ಬಂದೀತೆಂದು ರಾತ್ರಿ ಎದ್ದು ಕೊಡ ಹಿಡಿದು ಕೂರುವುದು. ಇವೆಲ್ಲದರ ಕೆಳಗೆ ಸಾಲ. ಬ್ಯಾಂಕಿನದು ಒಂದು, ಸಂಘದ ವಾರದ ಕಂತು ಇನ್ನೊಂದು, ದಲಾಲಿ ಅಂಗಡಿಯ ಮುಂಗಡ, ಕಡೆಗೆ ಮೀಟರ್ ಬಡ್ಡಿ.

ಹಣದ ಚಿಂತೆಗೂ ಒಸಡಿಗೂ ಇರುವ ನಂಟನ್ನು ದೊಡ್ಡ ಪ್ರಮಾಣದಲ್ಲಿ ನೋಡಿದ್ದು ಗದಗಿನಲ್ಲಲ್ಲ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಈರಿ ಕೌಂಟಿಯಲ್ಲಿ. ಬಫಲೋ ನಗರದ ಸಂಶೋಧಕ ರಾಬರ್ಟ್ ಜೆಂಕೋ ಮತ್ತು ತಂಡ 25ರಿಂದ 74 ವರ್ಷದೊಳಗಿನ 1,426 ಜನರ ಬಾಯಿ ಪರೀಕ್ಷಿಸಿ, ಬದುಕಿನ ಕಷ್ಟಗಳ ಬಗ್ಗೆ ವಿವರವಾಗಿ ಕೇಳಿ, 1999ರಲ್ಲಿ ವರದಿ ಬರೆಯಿತು. ಮಕ್ಕಳು, ಸಂಸಾರ, ಕೆಲಸ, ಒಂಟಿತನ, ಹಣ ಎಲ್ಲದರ ಪ್ರಶ್ನೆಯೂ ಇತ್ತು. ಒಸಡು ರೋಗದ ಜೊತೆ ಗಟ್ಟಿಯಾಗಿ ತಳಕು ಹಾಕಿಕೊಂಡದ್ದು ಹಣದ ಬಿಕ್ಕಟ್ಟು. ವಯಸ್ಸು, ಲಿಂಗ, ಧೂಮಪಾನದ ಪ್ರಭಾವವನ್ನು ಲೆಕ್ಕದಲ್ಲಿ ಹಿಡಿದ ಮೇಲೂ ಆ ನಂಟು ಉಳಿಯಿತು.

ಆ ವರದಿಯ ಇನ್ನೊಂದು ಸಾಲು ನನಗೆ ಮೊದಲನೆಯದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಣದ ತೊಂದರೆ ಎಷ್ಟಿದ್ದರೂ ಅದನ್ನು ಎದುರಿಸಲು ಕೈಲಾದ ದಾರಿ ಹುಡುಕಿದವರ ಒಸಡು, ಹಣದ ತೊಂದರೆ ಇಲ್ಲದವರ ಒಸಡಿಗಿಂತ ಕೆಟ್ಟದ್ದಾಗಿರಲಿಲ್ಲ. ಕೆಟ್ಟದ್ದು ಯಾರದೆಂದರೆ, ಸಮಸ್ಯೆಯನ್ನು ಮುಟ್ಟದೆ ಒಳಗೊಳಗೇ ಕುದ್ದವರದು. ಈ ಅಧ್ಯಯನ ಒಂದು ಸಲಕ್ಕೆ ನೋಡಿದ ಚಿತ್ರ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇದರಿಂದಲೇ ತೀರ್ಮಾನಿಸಲಾಗದು. ಆದರೂ ಸಾಲವಿದ್ದ ಮಾತ್ರಕ್ಕೆ ಹಲ್ಲು ಹೋಗಲೇಬೇಕೆಂಬ ವಿಧಿ ಇಲ್ಲ ಎಂಬುದಕ್ಕೆ ಇಷ್ಟು ಸಾಕು.

‘ಸಾಲ ತೀರ್ಸೂ ಚಿಂತ್ಯಾಗ ಹಲ್ಲಿನ ಚಿಂತಿ ಯಾರ್ ಮಾಡ್ತಾರಿ?’ ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಎಲ್ಲ ಸಾಲವನ್ನೂ, ಬಡ್ಡಿ ದರ ಸಹಿತ, ಒಂದು ಹಾಳೆಯಲ್ಲಿ ಬರೆಯಿರಿ. ಬರ ಅಥವಾ ನೆರೆ ಘೋಷಣೆಯಾದ ವರ್ಷ ಬೆಳೆಸಾಲದ ಅವಧಿ ಮುಂದೂಡಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವೇ ಅವಕಾಶ ಕೊಟ್ಟಿದೆ, ಮ್ಯಾನೇಜರನ್ನು ಕೇಳಿ. ಬೆಳೆವಿಮೆ ಕಟ್ಟಿದವರು ಆಲಿಕಲ್ಲು, ಜಲಾವೃತದಂಥ ಸ್ಥಳೀಯ ಹಾನಿಯಾದರೆ 72 ತಾಸಿನೊಳಗೆ ತಿಳಿಸಬೇಕು. ಮನೆಬಾಗಿಲಿಗೆ ಬಂದು ಹೆದರಿಸುವ ವಸೂಲಿ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು; ಠಾಣೆಯಲ್ಲಿ ದೂರು ಕೊಡುವುದು ನಾಚಿಕೆಯ ಕೆಲಸವಲ್ಲ. ಒಸಡಿನ ಲೇಖನದಲ್ಲಿ ಬೆಳೆವಿಮೆ ಏಕೆ ಬಂತು ಎನ್ನಬೇಡಿ. ಈರಿ ಕೌಂಟಿಯ ಲೆಕ್ಕ ಹೇಳುವುದೂ ಇದನ್ನೇ.

ರೂಢಿ ಕೆಡುವ ಬಗೆ

ರಸಗಳ ಕಥೆ ಎಷ್ಟೇ ರೋಚಕವಾಗಿದ್ದರೂ, ಹೆಚ್ಚಿನವರ ಒಸಡು ಕೆಡುವುದು ಇನ್ನೂ ಸರಳ ದಾರಿಯಲ್ಲಿ. ಚಿಂತೆಯಿದ್ದಾಗ ರಾತ್ರಿ ಹಲ್ಲುಜ್ಜುವುದು ತಪ್ಪುತ್ತದೆ. ಊಟ ತಪ್ಪಿ ಚಹಾ, ಮಿರ್ಚಿ-ಗಿರ್ಮಿಟ್ಟಿನ ಮೇಲೆ ದಿನ ಹೋಗುತ್ತದೆ. ಚಹಾ ಸಲಸಲಕ್ಕೂ ಸಕ್ಕರೆ ಹಾಕಿದ್ದೇ. ನಿದ್ದೆಯಲ್ಲಿ ಹಲ್ಲು ಕಡಿಯುವುದು ಹೆಚ್ಚುತ್ತದೆ, ಮೊದಲೇ ಸಡಿಲಾದ ಹಲ್ಲಿಗೆ ಅದು ಇನ್ನೊಂದು ಪೆಟ್ಟು. ಎಲ್ಲಕ್ಕಿಂತ ಮೇಲೆ ತಂಬಾಕು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂದಿನಿಂದ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ತಂದು ಅಂಗೈಯಲ್ಲೇ ಬೆರೆಸುವುದು ನಡೆದಿದೆ. ಮಗ್ಗದ ಮುಂದೆ ರಾತ್ರಿ ನಿದ್ದೆ ತಡೆಯಲು, ಟ್ರ್ಯಾಕ್ಟರಿನ ಮೇಲೆ ಬೇಸರ ಕಳೆಯಲು, ಲೆಕ್ಕದ ಚಿಂತೆಗೆ ಒಂದು ಚಿಟಿಕೆ. ಚೀಟಿ ಇಡುವ ಜಾಗದಲ್ಲೇ ಒಸಡು ಕೆಳಗಿಳಿದು ಬೇರು ಕಾಣುತ್ತದೆ. ಕೆಲವು ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುತ್ತಾರೆ; ಅದನ್ನು ಯಾರೂ ಚಟವೆಂದು ಎಣಿಸುವುದಿಲ್ಲ, ಅಷ್ಟೇ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಬೀಡಿ-ಸಿಗರೇಟು ಸೇದುವವರಿಗೆ ಒಂದು ಎಚ್ಚರಿಕೆ. ನಿಮ್ಮ ಒಸಡಿನಿಂದ ರಕ್ತ ಬರುತ್ತಿಲ್ಲವೆಂದು ಸಮಾಧಾನಪಡಬೇಡಿ. ಧೂಮಪಾನಿಗಳ ಒಸಡಿನಲ್ಲಿ ರಕ್ತಸ್ರಾವ ಕಡಿಮೆ ಕಾಣುತ್ತದೆ; ರೋಗ ಒಳಗೆ ಬೆಳೆಯುತ್ತಿದ್ದರೂ ಹೊರಗೆ ಸುಳಿವು ಸಿಗದು.

ಒತ್ತಡ, ನಿದ್ದೆಗೇಡು, ತಂಬಾಕು, ಕೊಳೆ ಎಲ್ಲ ಒಟ್ಟಾದಾಗ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಉದಾಹರಣೆಯಿದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕೂತ ಸಿಪಾಯಿಗಳಿಗೆ ಒಸಡು ಕೊಳೆಯುವ ರೋಗ ಎಷ್ಟು ಬಂತೆಂದರೆ, ಇಂಗ್ಲಿಷಿನಲ್ಲಿ ಅದಕ್ಕೆ ಕಂದಕದ ಬಾಯಿ ಎಂಬ ಹೆಸರೇ ಬಿತ್ತು. ಈಗ ಅದು ಅಪರೂಪ, ಆದರೆ ಇಲ್ಲವಾಗಿಲ್ಲ. ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಕೋಣೆ ಮಾಡಿಕೊಂಡು ರಾತ್ರಿಯಿಡೀ ಚಹಾ-ಸಿಗರೇಟಿನ ಮೇಲೆ ಓದುವ ಹುಡುಗರು ಇದನ್ನು ತಿಳಿದಿರಲಿ. ಹಲ್ಲುಗಳ ನಡುವಿನ ಒಸಡಿನ ತುದಿ ಕಿತ್ತು ತೆಗೆದಂತೆ ಹಳ್ಳ ಬೀಳುವುದು, ಅದರ ಮೇಲೆ ಬೂದುಬಣ್ಣದ ಪೊರೆ, ತಡೆಯಲಾರದ ನೋವು, ಕೆಟ್ಟ ವಾಸನೆ, ಕೆಲವೊಮ್ಮೆ ಜ್ವರ. ಹೀಗಾದರೆ ಅವತ್ತೇ, ತಪ್ಪಿದರೆ ಮರುದಿನ ದಂತವೈದ್ಯರ ಬಳಿ ಹೋಗಬೇಕು. ಔಷಧ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಯಿಂದ ನೋವು ಇಳಿದೀತು, ಹೋದ ಒಸಡು ಬಾರದು.

ಮುಂಡರಗಿಯವರಿಗೆ ಪ್ರತ್ಯೇಕವಾಗಿ

ಮುಂಡರಗಿ ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯದೂ ಭಾರತೀಯ ಮಾನಕ ಬ್ಯೂರೋದ್ದೂ ಮಿತಿ. ಚಿಕ್ಕಂದಿನಲ್ಲಿ ಅಂಥ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆ ಇರುತ್ತವೆ. ಇದಕ್ಕೂ ಒಸಡು ರೋಗಕ್ಕೂ ಗೊಂದಲ ಮಾಡಿಕೊಳ್ಳುವವರು ಬಹಳ. ಫ್ಲೋರೈಡಿನ ಕಲೆ ಹಲ್ಲು ದವಡೆಯೊಳಗೆ ಕಟ್ಟಿಕೊಳ್ಳುವ ಕಾಲದಲ್ಲಿ, ಸುಮಾರು ಎಂಟು ವರ್ಷದೊಳಗೆ, ಎನಾಮಲಿನ ಒಳಗೇ ಆದದ್ದು. ಅದು ಕೊಳೆಯಲ್ಲ, ಉಜ್ಜಿದರೆ ಹೋಗದು, ಕ್ಲೀನಿಂಗ್ ಮಾಡಿಸಿದರೂ ಹೋಗದು.

ಆದರೆ ಮದುವೆ ಗೊತ್ತಾದ ಹುಡುಗ-ಹುಡುಗಿಯರು ಅದನ್ನು ಹೋಗಲಾಡಿಸಲು ಇದ್ದಿಲ ಪುಡಿ, ಬೂದಿ, ಇಟ್ಟಂಗಿ ಪುಡಿ, ಉಪ್ಪು ಹಾಕಿ ತಿಕ್ಕುತ್ತಾರೆ. ಹೋಗುವುದು ಕಲೆಯಲ್ಲ, ಒಸಡಿನ ಅಂಚು. ಹಲ್ಲಿನ ಬಣ್ಣದ ಸಂಕೋಚವೂ ಒಂದು ಒತ್ತಡವೇ. ಬಾಯಿ ಮುಚ್ಚಿ ನಗುವವರ ನೋವು ನಗಣ್ಯವಲ್ಲ. ಅದಕ್ಕೆ ಬೇರೆ ಚಿಕಿತ್ಸೆಗಳಿವೆ, ದಂತವೈದ್ಯರನ್ನು ಕೇಳಿ. ಫ್ಲೋರೈಡ್ ಪೇಸ್ಟನ್ನು ದೊಡ್ಡವರು ನಿಶ್ಚಿಂತೆಯಿಂದ ಬಳಸಬಹುದು, ನುಂಗುವುದಿಲ್ಲವಾದ್ದರಿಂದ. ಆರು ವರ್ಷದೊಳಗಿನ ಮಕ್ಕಳಿಗೆ ಬಟಾಣಿ ಕಾಳಿಗಿಂತ ಹೆಚ್ಚು ಹಾಕಬೇಡಿ, ಪಕ್ಕದಲ್ಲಿ ನಿಂತು ಉಗುಳಿಸಿ.

ಎರಡು ವಾರದ ಪರೀಕ್ಷೆ

ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹಾರಲ್ಡ್ ಲೋ ಎಂಬ ವಿಜ್ಞಾನಿ ಆರೋಗ್ಯವಂತ ಒಸಡಿನ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದ್ದ. 10ರಿಂದ 21 ದಿನದೊಳಗೆ ಎಲ್ಲರಿಗೂ ಒಸಡಿನ ಉರಿಯೂತ ಬಂತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು. 1965ರಲ್ಲಿ ಪ್ರಕಟವಾದ ಈ ಕೆಲಸವನ್ನು ದಂತವೈದ್ಯ ಲೋಕ ಇಂದಿಗೂ ನೆನೆಯುತ್ತದೆ. ಮನೆಯಲ್ಲಿ ನಾವು ಮಾಡಿಕೊಳ್ಳಬಹುದಾದ ಪರೀಕ್ಷೆಯೂ ಇದರಿಂದಲೇ ಸಿಗುತ್ತದೆ: ರಕ್ತ ಬರುವ ಒಸಡನ್ನು ಎರಡು ವಾರ ಸರಿಯಾಗಿ ಉಜ್ಜಿ ನೋಡಿ. ನಿಂತರೆ ಅದು ಮೊದಲ ಹಂತ, ನಿಮ್ಮ ಕೈಯಲ್ಲೇ ಇತ್ತು. ನಿಲ್ಲದಿದ್ದರೆ ಕಿಟ್ಟ ಕೂತಿದೆ, ಇಲ್ಲವೆ ರೋಗ ಆಳಕ್ಕಿಳಿದಿದೆ, ಅದಕ್ಕೆ ಡಾಕ್ಟರೇ ಬೇಕು. ಹಲ್ಲು ಅಲುಗಾಡುತ್ತಿದ್ದರೆ, ಕೀವು ಬರುತ್ತಿದ್ದರೆ, ಹಲ್ಲುಗಳ ನಡುವೆ ಹೊಸದಾಗಿ ಸಂದು ಕಾಣುತ್ತಿದ್ದರೆ ಎರಡು ವಾರವೂ ಕಾಯಬೇಡಿ.

ರಕ್ತ ಬರುತ್ತದೆಂದು ಆ ಜಾಗ ಬಿಟ್ಟು ಉಜ್ಜುವುದು ಎಲ್ಲರೂ ಮಾಡುವ ತಪ್ಪು. ಅಲ್ಲೇ ಉಜ್ಜಬೇಕು, ಮೆದುವಾಗಿ. ಮೆತ್ತನೆ ಎಳೆಯ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಚಿಕ್ಕ ಚಿಕ್ಕದಾಗಿ ಅಲುಗಿಸಿ, ಹೊರಮೈ, ಒಳಮೈ ಎರಡೂ, ಒಟ್ಟು ಎರಡು ನಿಮಿಷ. ಬೆಳಗಿನದು ತಪ್ಪಿದರೂ ರಾತ್ರಿಯದು ತಪ್ಪಬಾರದು: ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ, ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬ. ಹಲ್ಲಿನ ಸಂದುಗಳಿಗೆ ಸಂದು-ಬ್ರಷ್ ಸಿಗುತ್ತದೆ, ಸಂದು ಅಗಲವಾದವರಿಗೆ ದಾರಕ್ಕಿಂತ ಅದೇ ಮೇಲು. ನೀರಿನ ಕೊರತೆಯ ನೆಪ ಇಲ್ಲಿ ನಡೆಯುವುದಿಲ್ಲ, ಒಂದು ವಾಟಿ ನೀರು ಸಾಕು. ಉಜ್ಜಿದ ಮೇಲೆ ನೊರೆ ಉಗುಳಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸದೆ ಬಿಟ್ಟರೆ ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯುವುದರಿಂದ ಒಳ್ಳೆಯದೇ.

ಬೇವಿನ ಕಡ್ಡಿ ಬಿಡಬೇಕೇ? ಬೇಕಿಲ್ಲ. ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿ, ಒಸಡಿಗೆ ಚುಚ್ಚದಂತೆ ಬಳಸಿದರೆ ಪಾಚಿ ಹೋಗುತ್ತದೆ. ಒಳಮೈಗೆ ಅದು ತಲುಪುವುದು ಕಷ್ಟ, ಅಷ್ಟಕ್ಕೆ ಬ್ರಷ್ ಬೇಕು. ಕಪ್ಪತಗುಡ್ಡದ ಬೇರು-ಸೊಪ್ಪಿನ ಬಗ್ಗೆ ನಮ್ಮ ಭಾಗದಲ್ಲಿರುವ ಗೌರವ ನನಗೂ ಇದೆ. ಆದರೆ ಹಲ್ಲಿಗಂಟಿದ ಕಿಟ್ಟವನ್ನು ಬಿಡಿಸುವ ಬೇರು ಯಾವ ಗುಡ್ಡದಲ್ಲೂ ಇಲ್ಲ. ಅದನ್ನು ಉಪಕರಣದಿಂದಲೇ ತೆಗೆಯಬೇಕು.

ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ತೊಳೆಯುವ ಔಷಧವನ್ನು ಕೆಲವರು ವರ್ಷವಿಡೀ ಬಳಸುತ್ತಾರೆ. ಅದು ಸಾಮಾನ್ಯವಾಗಿ ವಾರೆರಡು ವಾರದ ಔಷಧ. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ.

ಡಾಕ್ಟರ ಮುಂದೆ ಏನು ಹೇಳಬೇಕು

ಗದಗಿನಲ್ಲಿ 2015ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರ ಹುದ್ದೆ ಇರುತ್ತದೆ. ಲಕ್ಷ್ಮೇಶ್ವರದಿಂದಲೋ ಶಿರಹಟ್ಟಿಯಿಂದಲೋ ಕೂಲಿ ಬಿಟ್ಟು ಬಸ್ಸು ಹತ್ತುವ ಮುನ್ನ, ಅವತ್ತು ಅವರು ಇರುತ್ತಾರೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಮೂಳೆ ಸವೆದು ಶಸ್ತ್ರಚಿಕಿತ್ಸೆ ಬೇಕೆಂದಾದರೆ ಹತ್ತಿರದ ದಂತ ಕಾಲೇಜು ಧಾರವಾಡದ ಸತ್ತೂರಿನ ಎಸ್‌ಡಿಎಂ, 1986ರಿಂದ ಇದೆ. ಅಲ್ಲಿ ಒಸಡಿಗೇ ಪ್ರತ್ಯೇಕ ವಿಭಾಗವಿದೆ.

ಡಾಕ್ಟರು ಮಿಲಿಮೀಟರ್ ಗುರುತಿನ ತೆಳ್ಳನೆ ಕಡ್ಡಿಯಿಂದ ಹಲ್ಲು-ಒಸಡಿನ ನಡುವಿನ ಆಳ ಅಳೆಯುತ್ತಾರೆ. ಮೂರರವರೆಗೆ ಸರಿ, ನಾಲ್ಕು ಅಥವಾ ಹೆಚ್ಚು ಬಂದು ರಕ್ತವೂ ಇದ್ದರೆ ಚಿಕಿತ್ಸೆ ಬೇಕು. ನಿಮ್ಮ ಅಂಕಿ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ. ಬಿಪಿಯ ಅಂಕಿ ಗೊತ್ತಿದ್ದ ಹಾಗೆ ಇದೂ ಗೊತ್ತಿರಲಿ.

ಅವರು ಕೇಳದಿದ್ದರೂ ಹೇಳಬೇಕಾದ ಸಂಗತಿಗಳಿವೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಅದು, ಏಕೆಂದರೆ ಒಸಡಿನ ಚಿಕಿತ್ಸೆಯಿಂದ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ, ಅಂದರೆ ಎಚ್‌ಬಿಎ1ಸಿ, ಸುಮಾರು 0.4ರಷ್ಟು ಇಳಿಯುತ್ತದೆಂದು ಹಲವು ಪ್ರಯೋಗಗಳ ಒಟ್ಟು ಲೆಕ್ಕ ತೋರಿಸಿದೆ. ಬಿಪಿಗೆ ಆಮ್ಲೋಡಿಪಿನ್, ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಗುಳಿಗೆಯಿಂದಲೇ ಒಸಡು ಬೆಳೆದು ದಪ್ಪವಾಗುತ್ತದೆ. ಖಿನ್ನತೆ, ಆತಂಕಕ್ಕೆ ಕೊಡುವ ಹಲವು ಔಷಧಗಳು ಬಾಯಿ ಒಣಗಿಸುತ್ತವೆ. ಹಾಗೆಂದು ಯಾವ ಗುಳಿಗೆಯನ್ನೂ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಬಸುರಿಯರಲ್ಲಿ ಒಸಡು ಬೇಗ ಬಾಯುತ್ತದೆ, ಅದಕ್ಕೆ ಬೇರೆ ರಸಗಳು ಕಾರಣ. ಬಸುರಿನಲ್ಲಿ ಹಲ್ಲು ಕ್ಲೀನ್ ಮಾಡಿಸುವುದು ಅಪಾಯವೂ ಅಲ್ಲ. ಕೀಲುನೋವಿಗೆ ಊರಲ್ಲಿ ಸೂಜಿ ಮಾಡಿಸಿಕೊಳ್ಳುತ್ತಿದ್ದರೆ, ಹೆಸರಿಲ್ಲದ ಪೊಟ್ಟಣದ ಗುಳಿಗೆ ತಿನ್ನುತ್ತಿದ್ದರೆ, ಅದನ್ನೂ ಹೇಳಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ, ಚಿಂತೆಯ ಕಾರ್ಟಿಸಾಲ್ ಮಾಡುವ ಕೆಲಸವನ್ನೇ ಅದೂ ಮಾಡುತ್ತಿರುತ್ತದೆ.

ಕೊನೆಗೆ, ‘ಆರು ತಿಂಗಳಿಂದ ನಿದ್ದಿ ಇಲ್ಲರಿ, ಸಾಲದ್ದು ತ್ರಾಸ ಐತಿ’ ಎಂದು ಹೇಳಿಬಿಡಿ. ಮಾಯುವುದು ನಿಧಾನವಾದೀತೆಂದು ತಿಳಿದ ಡಾಕ್ಟರು ಬೇಗ ಮತ್ತೆ ಬರಹೇಳುತ್ತಾರೆ.

ಕಾರ್ಟಿಸಾಲ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳುವವರಿದ್ದಾರೆ. ದುಡ್ಡು ಉಳಿಸಿಕೊಳ್ಳಿ. ತಾಸುತಾಸಿಗೆ ಏರಿಳಿಯುವ ರಸವನ್ನು ಒಂದು ಬಾರಿ ಅಳೆದರೆ ಒಸಡಿನ ಬಗ್ಗೆ ಏನೂ ತಿಳಿಯದು. ಅಡ್ರಿನಲ್ ಗ್ರಂಥಿಯದೇ ಕಾಯಿಲೆಯ ಶಂಕೆಯಿದ್ದಾಗ ಮಾತ್ರ ಅದು ಬೇಕು. ಕಾರ್ಟಿಸಾಲ್ ಇಳಿಸುತ್ತೇವೆನ್ನುವ ಡಬ್ಬಿಯ ಪುಡಿಗಳಿಗೂ ಇದೇ ಮಾತು.

ಇನ್ನು ‘ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಗ್ತಾವ’ ಎಂಬ ಹೆದರಿಕೆ. ಸಡಿಲಾದ ಹಲ್ಲುಗಳನ್ನು ಕಿಟ್ಟವೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ತೆಗೆದ ಮೇಲೆ ಇದ್ದ ಸಡಿಲು ಗೊತ್ತಾಗುತ್ತದೆ. ಬಾವು ಇಳಿದಾಗ ಸಂದು ಕಾಣುತ್ತದೆ, ಕೆಲವು ದಿನ ತಣ್ಣನೆ ನೀರು ಜುಮ್ಮೆನ್ನಿಸುತ್ತದೆ. ಹಲ್ಲು ಸಡಿಲಾಗಿದ್ದು ಕ್ಲೀನಿಂಗಿನಿಂದಲ್ಲ, ಅದನ್ನು ಮುಂದೂಡಿದ ವರ್ಷಗಳಿಂದ. ಮೂಳೆ ಸವೆದವರು ಚಿಕಿತ್ಸೆಯ ನಂತರವೂ ಮೂರು ತಿಂಗಳಿಗೊಮ್ಮೆ ತೋರಿಸಬೇಕಾಗಬಹುದು. ಉಳಿದವರಿಗೆ ಆರು ತಿಂಗಳು ಅಥವಾ ವರ್ಷಕ್ಕೊಮ್ಮೆ ಸಾಕು.

ಮನಸ್ಸಿನ ಭಾರಕ್ಕೆ ಟೆಲಿ-ಮಾನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸೇವೆ, ಹಗಲು-ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಡೀ ದೇಶಕ್ಕೆ ಹಬ್ಬಿದ್ದು, ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ನಡೆಸಿದ ಮಾದರಿಯಿಂದ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ. ತಂಬಾಕು ಬಿಡಲು ನೆರವು ಬೇಕಾದವರು 1800-11-2356ಕ್ಕೆ ಕರೆ ಮಾಡಿ, ಅದೂ ಉಚಿತ. ತಂಬಾಕು ಬಿಟ್ಟ ಮೊದಲ ದಿನಗಳಲ್ಲಿ ಸಿಡಿಮಿಡಿ ಹೆಚ್ಚುತ್ತದೆ, ಒಸಡಿನಲ್ಲಿ ರಕ್ತವೂ ಕಾಣಿಸಿಕೊಳ್ಳಬಹುದು. ಅದನ್ನು ಕಂಡು ಮತ್ತೆ ಚೀಟಿ ಹರಿಯಬೇಡಿ, ಒಸಡಿಗೆ ಜೀವ ಮರಳುತ್ತಿರುವ ಗುರುತು ಅದು.

ಬಿಪಿಎಲ್ ಕುಟುಂಬದ ಹಿರಿಯರಿಗೆ ಸರ್ಕಾರ ‘ದಂತಭಾಗ್ಯ’ ಯೋಜನೆಯಲ್ಲಿ ಪೂರ್ತಿ ದಂತಪಂಕ್ತಿ ಕಟ್ಟಿಸಿಕೊಡುವ ವ್ಯವಸ್ಥೆ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಕಟ್ಟಿಸಿದ ಹಲ್ಲಿನ ಕಡಿಯುವ ಬಲ ಸ್ವಂತ ಹಲ್ಲಿನ ಕಾಲು ಭಾಗದಷ್ಟೂ ಇರುವುದು ಕಷ್ಟ. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನಬೇಕಾಗುತ್ತದೆ. ಹಲ್ಲೆಲ್ಲ ಹೋದ ಮೇಲೆ ಅರ್ಜಿ ಹಿಡಿದು ನಿಲ್ಲುವ ಬದಲು, ಬರುವ ಸಂತೆಯ ದಿನವೇ ಒಂದು ತಾಸು ಬಿಡುವು ಮಾಡಿಕೊಂಡು ದಂತವೈದ್ಯರ ಮುಂ‌ದೆ ಬಾಯಿ ತೆರೆಯಿರಿ.